ಪಿಡುಗಿನ ಕಾಲದಲ್ಲಿ ಶಿಶುವೂ ಕುಟುಂಬವೂ

೨೦೨೦ರ ಮಾರ್ಚ್ ೧೧ರಂದು ವಿಶ್ವ ಆರೋಗ್ಯ ಸಂಸ್ಥೆಯು ಕೋವಿಡ್ ರೋಗವನ್ನು ಜಾಗತಿಕ ಪಿಡುಗೆಂದು ಸಾರಿತು. ಈ ರೋಗವು ವೃದ್ಧರನ್ನು ಬಾಧಿಸಿದಷ್ಟು ಎಳೆಯ ಮಕ್ಕಳನ್ನು ಬಾಧಿಸಲಿಲ್ಲ. ಆದರೆ ರೋಗವನ್ನು ತಡೆಯಲೆಂದು ಕೈಕೊಂಡ ನಿರ್ಬಂಧಗಳ ಭಾರದಲ್ಲಿ ದೊಡ್ಡ ಪಾಲು ಮಕ್ಕಳ ಮೇಲೆಯೇ ಬಿದ್ದಿತು. ಬಡ ಕುಟುಂಬದ ಶಿಶುವಿಗೆ ಪೋಷಕಾಹಾರ, ಲಸಿಕೆ, ಆಟ, ಅಕ್ಷರ ಇವೆಲ್ಲವೂ ಬಹುಮಟ್ಟಿಗೆ ಒಂದೇ ಬಾಗಿಲಿನಿಂದ ಬರುತ್ತಿದ್ದುವು. ಆ ಬಾಗಿಲೇ ಅಂಗನವಾಡಿ.

ಅಂಗನವಾಡಿಗಳಿಗೆ ಮೂಲವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ೧೯೭೫ರ ಅಕ್ಟೋಬರ್ ೨ರಂದು ೩೩ ಯೋಜನಾ ಕ್ಷೇತ್ರಗಳಲ್ಲಿ ಆರಂಭವಾಯಿತು. ಕರ್ನಾಟಕದಲ್ಲಿ ಇದಕ್ಕೆ ಮೊದಲು ಆರಿಸಲ್ಪಟ್ಟುದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಪೂರಕ ಆಹಾರ, ಶಾಲಾಪೂರ್ವ ಶಿಕ್ಷಣ, ಲಸಿಕೆ, ಆರೋಗ್ಯ ತಪಾಸಣೆ, ತಾಯಂದಿರಿಗೆ ತಿಳಿವಳಿಕೆ, ಅಗತ್ಯವಿದ್ದವರನ್ನು ಆಸ್ಪತ್ರೆಗೆ ಕಳುಹಿಸುವುದು—ಇವು ಅದರ ಆರು ಸೇವೆಗಳು. ೨೦೧೩ರ ಆಹಾರ ಭದ್ರತಾ ಕಾಯಿದೆಯು ಆರು ತಿಂಗಳಿಂದ ಆರು ವರ್ಷದವರೆಗಿನ ಮಕ್ಕಳ ಊಟವನ್ನು ಕಾನೂನಿನ ಹಕ್ಕಾಗಿ ಮಾಡಿತು. ಮೂರರಿಂದ ಆರು ವರ್ಷದ ಮಗುವಿಗೆ ದಿನಕ್ಕೆ ೫೦೦ ಕ್ಯಾಲೊರಿ ಶಕ್ತಿಯನ್ನೂ ೧೨ರಿಂದ ೧೫ ಗ್ರಾಂ ಪ್ರೋಟೀನನ್ನೂ ಕೊಡುವ ಉಪಾಹಾರ ಮತ್ತು ಬಿಸಿಯೂಟವನ್ನು ಅದು ವಿಧಿಸಿತು.

೨೦೨೦ರ ಮಾರ್ಚ್‌ನಲ್ಲಿ ಕೇಂದ್ರಗಳು ಮುಚ್ಚಿದಾಗ ಈ ಹಕ್ಕು ಏನಾಯಿತು? ಸರ್ವೋಚ್ಚ ನ್ಯಾಯಾಲಯವು ಮಾರ್ಚ್ ೧೮ರಂದು ತಾನಾಗಿಯೇ ವಿಷಯವನ್ನು ಕೈಗೆತ್ತಿಕೊಂಡು ರಾಜ್ಯಗಳ ಉತ್ತರವನ್ನು ಕೇಳಿತು. ಬಿಸಿಯೂಟಕ್ಕೆ ಬದಲಾಗಿ ಅಕ್ಕಿ, ಬೇಳೆ ಮೊದಲಾದ ಧಾನ್ಯಗಳು ಮನೆಗಳಿಗೆ ಹೋದುವು. ಉಪಾಯವು ಅನಿವಾರ್ಯವಾಗಿತ್ತು, ಆದರೆ ಅದರ ಪರಿಣಾಮ ಒಂದೇ ಅಲ್ಲ. ಕೇಂದ್ರದಲ್ಲಿ ಬಡಿಸಿದ ಊಟವು ಮಗುವಿನ ಹೊಟ್ಟೆಗೇ ಸೇರುತ್ತದೆ. ಮನೆಗೆ ಬಂದ ಧಾನ್ಯವು ಎಲ್ಲರ ಪಾತ್ರೆಗೆ ಸೇರುತ್ತದೆ. ಕೂಲಿ ನಿಂತ ಮನೆಯಲ್ಲಿ ತಾಯಿಯು ಮಗುವಿನ ಪಾಲನ್ನು ಬೇರೆಯಾಗಿ ಕಾಯ್ದಿಡಲಾರಳು. ಇದು ಅವಳ ತಪ್ಪಲ್ಲ. ಅಲ್ಲದೆ ಮಗುವಿನ ತೂಕ ನೋಡುವ ಕೆಲಸವು ಕುಂದಿದಲ್ಲಿ, ಅದು ಕ್ಷೀಣಿಸುತ್ತಿರುವುದು ಸಕಾಲದಲ್ಲಿ ಯಾರ ಗಮನಕ್ಕೂ ಬರುವಂತಿರಲಿಲ್ಲ. ೨೦೨೧ರ ಜನವರಿ ೧೩ರಂದು ಅದೇ ನ್ಯಾಯಾಲಯವು ನಿರ್ಬಂಧಿತ ವಲಯಗಳ ಹೊರಗಿನ ಕೇಂದ್ರಗಳನ್ನು ತಿಂಗಳ ಕೊನೆಯೊಳಗೆ ತೆರೆಯುವ ಬಗ್ಗೆ ನಿರ್ಣಯ ಕೈಕೊಳ್ಳಬೇಕೆಂದು ರಾಜ್ಯಗಳಿಗೆ ಆದೇಶಿಸಿತು.

ಲಸಿಕೆಯ ಲೆಕ್ಕವೂ ಇದನ್ನೇ ಹೇಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯೂ ಯುನಿಸೆಫೂ ೨೦೨೧ರಲ್ಲಿ ಪ್ರಕಟಿಸಿದ ಅಂದಾಜಿನಂತೆ, ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯುಗಳ ಮೂರನೆಯ ಚುಚ್ಚುಮದ್ದನ್ನು ಪಡೆದ ಭಾರತೀಯ ಶಿಶುಗಳ ಪ್ರಮಾಣವು ೨೦೧೯ರಲ್ಲಿ ಶೇಕಡ ೯೧ ಇದ್ದುದು ೨೦೨೦ರಲ್ಲಿ ೮೫ಕ್ಕೆ ಇಳಿಯಿತು.

ತಂದೆತಾಯಿಗಳನ್ನು ಕಳೆದುಕೊಂಡ ಮಕ್ಕಳಿಗಾಗಿ ೨೦೨೧ರ ಮೇ ತಿಂಗಳಲ್ಲಿ ಕೇಂದ್ರ ಸರಕಾರವು ಒಂದು ನಿಧಿಯನ್ನು ಘೋಷಿಸಿತು. ಮಗುವಿಗೆ ೨೩ ವರ್ಷ ತುಂಬಿದಾಗ ಹತ್ತು ಲಕ್ಷ ರೂಪಾಯಿ ದೊರೆಯುವಂತೆ ಅದರ ಏರ್ಪಾಡು. ಕರ್ನಾಟಕವು ತಿಂಗಳಿಗೆ ೩,೫೦೦ ರೂಪಾಯಿಯ ಬಾಲಸೇವಾ ಯೋಜನೆಯನ್ನು ಸಾರಿತು. ಇವೆರಡರ ಸ್ವರೂಪ ಭಿನ್ನ. ಮೊದಲನೆಯದು ಭವಿಷ್ಯದ ಬಂಡವಾಳ. ಎರಡನೆಯದು ಇಂದಿನ ಹಾಲು, ಔಷಧಿ, ಬಾಡಿಗೆಗಳಿಗೆ ಒದಗುವ ಹಣ. ಎಳೆಯ ಶಿಶುವನ್ನು ಸಾಕುವ ಅಜ್ಜಿಗೋ ಚಿಕ್ಕಮ್ಮನಿಗೋ ಎರಡನೆಯದರ ಅಗತ್ಯವೇ ತೀವ್ರವಾದುದು.

ಹೊರನಾಡಿನ ಕನ್ನಡಿಗರಿಗೆ ಈ ವಿಷಯದಲ್ಲಿ ಇನ್ನೊಂದು ಸಂಬಂಧವಿದೆ. ಕಲಬುರಗಿ, ಯಾದಗಿರಿ ಮುಂತಾದ ಜಿಲ್ಲೆಗಳಿಂದ ಮುಂಬಯಿ, ಪುಣೆ, ಹೈದರಾಬಾದುಗಳಿಗೆ ಕಟ್ಟಡದ ಕೂಲಿಗಾಗಿ ಬರುವವರು ಮಕ್ಕಳನ್ನೂ ಕರೆತರುತ್ತಾರೆ. ಐವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಟ್ಟಡದ ನೆಲೆಯಲ್ಲಿ ಶಿಶುವಿಹಾರವಿರಬೇಕೆಂದು ೧೯೯೬ರ ಕಾಯಿದೆ ವಿಧಿಸಿತ್ತು. ಕೆಲಸ ನಿಂತೊಡನೆ ಅಂತಹ ಆಸರೆಯೂ ನಿಲ್ಲುತ್ತದೆ. ಮಗುವಿನ ಹೆಸರು ಊರಿನ ಅಂಗನವಾಡಿಯ ದಾಖಲೆಯಲ್ಲಿ, ಮಗು ನಗರದ ತಗಡಿನ ಗುಡಿಸಲಿನಲ್ಲಿ. ಹೀಗಿರುವಾಗ ಮನೆಗೆ ಧಾನ್ಯ ಒಯ್ಯುವವರು ಯಾವ ಮನೆಗೆ ಒಯ್ಯಬೇಕು?

ಆದುದರಿಂದ ಮುಂದಿನ ಪಿಡುಗಿಗೆ ಮೊದಲೇ ಮೂರು ಸಿದ್ಧತೆಗಳು ಅವಶ್ಯ: ಕೇಂದ್ರಗಳನ್ನು ಕೊನೆಯಲ್ಲಿ ಮುಚ್ಚಿ ಮೊದಲು ತೆರೆಯುವುದು, ಮುಚ್ಚಿದಾಗಲೂ ತೂಕ, ಲಸಿಕೆಗಳನ್ನು ನಿಲ್ಲಿಸದಿರುವುದು, ಮಗು ಇರುವಲ್ಲಿಯೇ ಅದರ ಹೆಸರನ್ನು ಬರೆದುಕೊಳ್ಳುವುದು. ಮೂರನೆಯದರಲ್ಲಿ ನಗರಗಳ ಕನ್ನಡ ಸಂಘಗಳು ನೆರವಾಗಬಲ್ಲುವು. ಕೂಲಿಯ ತಾಯಿಗೆ ತಿಳಿಯುವ ಭಾಷೆ ಅವುಗಳ ಬಳಿ ಇದೆ.