ಕೂಳೆಮರದ ನೆಟ್ಟನೆಯ ಗಳೆ

ಕಬ್ಬನ್ನು ಕಡಿದ ಮೇಲೆ ಬುಡದಿಂದ ಏಳುವ ಮರುಬೆಳೆಯನ್ನು ನಮ್ಮ ರೈತರು ಕೂಳೆ ಎನ್ನುತ್ತಾರೆ. ಮರವನ್ನೂ ಹೀಗೆಯೇ ನೆಲದ ಸಮೀಪದಲ್ಲಿ ಕಡಿದು, ಮೋಟಿನ ಚಿಗುರನ್ನು ಬೆಳೆಸಿ, ಕೆಲವು ವರ್ಷಗಳಿಗೊಮ್ಮೆ ಗಳೆಗಳನ್ನು ಪಡೆಯುವ ಕ್ರಮವುಂಟು. ಅರಣ್ಯಶಾಸ್ತ್ರಜ್ಞರು ಇದನ್ನು ಕಾಪಿಸ್ ಎಂದು ಕರೆಯುವರು. ಕೂಳೆಮರವೆಂದರೆ ನಮಗೆ ಬೇಗ ತಿಳಿದೀತು. ಇದಕ್ಕಾಗಿ ಮರವನ್ನು ಆರಿಸುವವರು ಎರಡು ಗುಣಗಳನ್ನು ಬೇರೆಬೇರೆಯಾಗಿ ನೋಡಬೇಕು. ನೆಟ್ಟಗೆ ಬೆಳೆಯುವುದು ಒಂದು, ಕಡಿದ ಮೇಲೆ ಚಿಗುರುವುದು ಇನ್ನೊಂದು. ಒಂದಿದ್ದಲ್ಲಿ ಮತ್ತೊಂದು ಇರಲೇಬೇಕೆಂಬ ನಿಯಮವಿಲ್ಲ.

ಚೆನ್ನೈಯ ವಾಚಕರು ಸಾರುವೆಗೂ ಚಪ್ಪರಕ್ಕೂ ಕಟ್ಟಿರುವುದನ್ನು ಕಂಡಿರುವ ಸರ್ವೆಮರವೇ ಇದಕ್ಕೆ ನಿದರ್ಶನ. ಗಳೆಗೆ ಅದಕ್ಕಿಂತ ಒಳ್ಳೆಯ ಮರ ದುರ್ಲಭ. ಆದರೆ ಕಡಿದ ಮೋಟು ಬಹುಮಟ್ಟಿಗೆ ಚಿಗುರದು. ಪ್ರತಿ ಕಟಾವಿನ ಮೇಲೂ ಹೊಸ ಸಸಿಯನ್ನೇ ನೆಡಬೇಕು. ಅದೇ ಕುಲಕ್ಕೆ ಸೇರಿದ, ಜಾವಾ ಬೆಟ್ಟಗಳ ಜುಂಗ್‌ಹುನಿಯಾನ ಪ್ರಭೇದವಾದರೋ ಚೆನ್ನಾಗಿ ಚಿಗುರುತ್ತದೆ. ಆದುದರಿಂದ ಸರ್ವೆ ಎಂಬ ಹೆಸರೊಂದನ್ನೇ ನಂಬಿ ಸಸಿ ಕೊಳ್ಳುವುದು ಜಾಣತನವಲ್ಲ. ಬೇವು, ಹೊಂಗೆಗಳದು ಇದಕ್ಕೆ ವಿರುದ್ಧವಾದ ಸ್ವಭಾವ: ಎಷ್ಟು ಕಡಿದರೂ ಚಿಗುರುತ್ತವೆ, ಸೊಟ್ಟಗೆ.

ಎರಡು ಗುಣಗಳೂ ಕೂಡಿರುವ ಮರಗಳೆಂದರೆ ತೇಗ ಮತ್ತು ನೀಲಗಿರಿ. ನೀಲಗಿರಿಯಲ್ಲಿ ತಳಿಯ ಪ್ರಶ್ನೆ ಮುಖ್ಯ. ನಂದಿಬೆಟ್ಟದ ಮರಗಳಿಂದ ಹಬ್ಬಿದ ‘ಮೈಸೂರು ಗಮ್’ ಮಿಶ್ರತಳಿಯದು. ಅದರ ಬೀಜದ ಸಸಿಗಳಲ್ಲಿ ನೆಟ್ಟನೆಯವೂ ಡೊಂಕಿನವೂ ಬೆರೆತು ಬರುತ್ತವೆ. ಆಯ್ದ ಒಂದೇ ಮರದ ಕಡ್ಡಿಯಿಂದ ಬೆಳೆಸಿದ ಕ್ಲೋನ್ ಸಸಿಗಳು ಸಮರೂಪವಾಗಿರುತ್ತವೆ. ಭದ್ರಾಚಲಂ ಹೆಸರಿನಲ್ಲಿ ಪ್ರಸಿದ್ಧವಾದವು ಈ ಬಗೆಯವು. ಅವುಗಳ ಬೆಲೆ ಹೆಚ್ಚು, ನಿಜ. ಆದರೆ ಒಂದೇ ಬುಡದಿಂದ ಎರಡು ಮೂರು ಕಟಾವು ತೆಗೆಯುವಾಗ, ಸಸಿಯಲ್ಲಿದ್ದ ದೋಷವು ಅಷ್ಟೂ ಕಟಾವುಗಳಲ್ಲಿ ಮರುಕಳಿಸುತ್ತದೆ. ಮೊದಲು ಉಳಿಸಿದ ನಾಲ್ಕು ಕಾಸನ್ನು ಹತ್ತು ಹದಿನೈದು ವರ್ಷ ತೆರಬೇಕಾಗುವುದು.

ಒಳ್ಳೆಯ ತಳಿಯೂ ಕೆಟ್ಟ ಕಡಿತದಿಂದ ಹಾಳಾಗಬಹುದು. ನೆಲದಿಂದ ಸುಮಾರು 10–15 ಸೆಂಟಿಮೀಟರ್ ಎತ್ತರದಲ್ಲಿ, ನೀರು ನಿಲ್ಲದಂತೆ ಓರೆಯಾಗಿ, ತೊಗಟೆ ಸೀಳದಂತೆ ಕಡಿಯಬೇಕು. ಮೋಟು ಎತ್ತರವಾದರೆ ಮೇಲುಗಡೆಯ ಚಿಗುರು ಗಾಳಿಗೆ ಸೀಳಿಹೋಗುವುದು. ಉಳಿದರೂ ಬುಡದಲ್ಲಿ ಬಾಗಿರುವುದು. ಹಳೆಯ ಬೇರಿನ ಬಲದಿಂದ ಚಿಗುರುಗಳು ಗುಂಪಾಗಿ ಏಳುತ್ತವೆ. ಕೆಳಗಿನ, ಬಲವಾದ ಒಂದೆರಡನ್ನು ಉಳಿಸಿ ಮಿಕ್ಕವನ್ನು ತೆಗೆಯದಿದ್ದರೆ ಸಿಗುವುದು ಗಳೆಯಲ್ಲ, ಸೌದೆ.

ಕರ್ನಾಟಕದಲ್ಲಿ ಜಮೀನುಳ್ಳವರಿಗೆ ಇನ್ನೊಂದು ಮಾತು. ಅಂತರ್ಜಲದ ಆತಂಕದಿಂದ ರಾಜ್ಯ ಸರಕಾರವು 2017ರಲ್ಲಿ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಉಳಿದದ್ದು ತೇಗ: ಅದರ ಗಳೆ ನಿಧಾನವಾಗಿ ಬರುತ್ತದೆ, ಮತ್ತು ಸ್ವಂತ ಹೊಲದ ತೇಗವನ್ನು ಕಡಿಯಲೂ ಅರಣ್ಯ ಇಲಾಖೆಯ ಅನುಮತಿ ಬೇಕು.