ಮಗುವಿಗೆ ಊಟ, ಕರುಳಿನ ಬ್ಯಾಕ್ಟೀರಿಯಾಗೂ ಊಟ

ಎಷ್ಟು ತಿನ್ನಿಸಿದರೂ ಕೆಲವು ಮಕ್ಕಳಿಗೆ ಮೈಗೆ ಹತ್ತುವುದೇ ಇಲ್ಲ. ಯಾಕೆ?

ಒಂದು ಕಾರಣ ಕರುಳಿನಲ್ಲಿದೆ.

ಅಲ್ಲಿ ಲಕ್ಷ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಇವೆ. ಹುಟ್ಟಿದ ಮೊದಲ ಎರಡು ಮೂರು ವರ್ಷಗಳಲ್ಲಿ ಈ ಬಳಗ ಹಂತಹಂತವಾಗಿ ಬಲಿಯುತ್ತದೆ. ಅಮೆರಿಕದ ವಿಜ್ಞಾನಿ ಜೆಫ್ರಿ ಗಾರ್ಡನ್, ಬಾಂಗ್ಲಾದೇಶದ ವಿಜ್ಞಾನಿ ತಹ್ಮೀದ್ ಅಹ್ಮದ್ ಅವರ ತಂಡಗಳು ಢಾಕಾದ ಮಕ್ಕಳನ್ನು ಪರೀಕ್ಷಿಸಿದವು. ಅಪೌಷ್ಟಿಕತೆಯಿಂದ ಸೊರಗಿದ ಮಕ್ಕಳಲ್ಲಿ ಈ ಬಳಗ ವಯಸ್ಸಿಗೆ ತಕ್ಕಷ್ಟು ಬಲಿತಿರಲಿಲ್ಲ. ಮಾಮೂಲಿ ಚಿಕಿತ್ಸೆಯ ಆಹಾರ ಕೊಟ್ಟರೂ ಆ ಕೊರತೆ ಪೂರ್ತಿ ನೀಗಲಿಲ್ಲ.

ಹಾಗಾದರೆ ಬ್ಯಾಕ್ಟೀರಿಯಾಗೂ ಬೇಕಾದ ಊಟ ಕೊಟ್ಟರೆ?

ಅಂಥದ್ದೊಂದು ಆಹಾರವನ್ನು ಈ ತಂಡಗಳು ರೂಪಿಸಿದವು: ಕಡಲೆಹಿಟ್ಟು, ಸೋಯಾಹಿಟ್ಟು, ಶೇಂಗಾ, ಬಾಳೆಕಾಯಿ. ಜೊತೆಗೆ ಎಣ್ಣೆ, ಸಕ್ಕರೆ, ವಿಟಮಿನ್, ಖನಿಜಾಂಶ. ಮೊದಲು ಪ್ರಾಣಿಗಳಲ್ಲಿ ಪರೀಕ್ಷೆ. ಆಮೇಲೆ ಢಾಕಾದ ಮೀರ್‌ಪುರದ ಕೊಳೆಗೇರಿ.

12ರಿಂದ 18 ತಿಂಗಳ 123 ಮಕ್ಕಳು. ಒಂದು ಗುಂಪಿಗೆ ಈ ಆಹಾರ, ಇನ್ನೊಂದಕ್ಕೆ ಮಾಮೂಲಿ ಪೂರಕ ಆಹಾರ. ಮೂರು ತಿಂಗಳು.

2021ರಲ್ಲಿ ಫಲಿತಾಂಶ ಪ್ರಕಟವಾಯಿತು. ಹೊಸ ಆಹಾರದಲ್ಲಿ ಕ್ಯಾಲೊರಿ ಕಡಿಮೆ. ಆದರೂ ಅದನ್ನು ತಿಂದ ಮಕ್ಕಳ ತೂಕವೇ ಹೆಚ್ಚು ವೇಗವಾಗಿ ಏರಿತು! ಮೂಳೆ ಮತ್ತು ನರಗಳ ಬೆಳವಣಿಗೆಗೆ ಸಂಬಂಧಿಸಿದ ಪ್ರೋಟೀನುಗಳೂ ಅವರ ರಕ್ತದಲ್ಲಿ ಹೆಚ್ಚಿದವು.

ಅಂದರೆ, ಎಷ್ಟು ತಿನ್ನಿಸುತ್ತೇವೆ ಎನ್ನುವುದರಷ್ಟೇ ಮುಖ್ಯ, ಏನು ತಿನ್ನಿಸುತ್ತೇವೆ ಎನ್ನುವುದು.

ಆದರೆ ಇದನ್ನು ಅಂದಾಜಿನಲ್ಲಿ ಮನೆಯಲ್ಲಿ ಕಲಸಿ ಔಷಧಿಯಂತೆ ಕೊಡಬೇಡಿ. ಇದರ ಅಳತೆ ಬಹಳ ನಿಖರ. ನಿಮ್ಮ ಮಗುವಿನ ತೂಕ ಏರುತ್ತಿಲ್ಲವೇ? ತಡಮಾಡಬೇಡಿ. ಅಂಗನವಾಡಿಯಲ್ಲಿ ತೂಕ ಹಾಕಿಸಿ, ಮಕ್ಕಳ ವೈದ್ಯರಿಗೆ ತೋರಿಸಿ.