ಗರ ಬಿದ್ದ ಮೇಲೆ ಯಾವ ಕಾಯಿ?

ಚೌಕಾಬಾರದಲ್ಲಿ ಗರ, ಅಂದರೆ ಕವಡೆ ಎಸೆದಾಗ ಬೀಳುವ ಎಣಿಕೆ, ಆಟಗಾರನ ಕೈಯಲ್ಲಿಲ್ಲ. ಗರ ಬಿದ್ದ ಮೇಲೆ ಯಾವ ಕಾಯಿ ನಡೆಸಬೇಕೆಂಬುದಷ್ಟೇ ಅವನದು. ಈ ಆಯ್ಕೆಗೆ ಎಷ್ಟು ಎಡೆಯಿದೆಯೋ ಆಟದಲ್ಲಿ ಅಷ್ಟು ಬುದ್ಧಿಯಿದೆ. ಮೈಸೂರಿನ ಸರಸ್ವತಿಪುರಂನಂಥ ಹಳೆಯ ಬಡಾವಣೆಗಳಲ್ಲಿ, ಕೆಂಪು ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆದು ಆಡುವ ಈ ಆಟಕ್ಕೆ ಒಂದೇ ಕಟ್ಟಳೆಯಿಲ್ಲ, ಮನೆಗೊಂದು ನಿಯಮ. ಆಟದ ಗುಣ ಬದಲಾಗುವುದೂ ಅಲ್ಲೇ.

ಸಾಮಾನ್ಯವಾಗಿ ಐದೈದರ 25 ಮನೆ, ನಾಲ್ಕು ಕವಡೆ, ಒಬ್ಬೊಬ್ಬರಿಗೆ ನಾಲ್ಕು ಕಾಯಿ. ಅಂಗಾತ ಬಿದ್ದ ಕವಡೆ ಎಷ್ಟೋ ಅಷ್ಟೇ ಗರ; ನಾಲ್ಕೂ ಅಂಗಾತ ಬಿದ್ದರೆ ಚೌಕ, ಅಂದರೆ ನಾಲ್ಕು. ನಾಲ್ಕೂ ಕವುಚಿ ಬಿದ್ದರೆ ಬಾರ, ಎಂಟು. ಕವಡೆ ಎರಡೂ ಬದಿಗೆ ಸಮನಾಗಿ ಬೀಳುತ್ತದೆಂದು ಇಟ್ಟುಕೊಂಡರೆ, 16 ಗರಗಳಲ್ಲಿ ಎರಡು ಬೀಳುವುದು 6 ಸಲ, ಒಂದು ಮತ್ತು ಮೂರು 4-4 ಸಲ, ಚೌಕ, ಬಾರ ಒಂದೊಂದೇ ಸಲ. ಹಾಗಾಗಿ ಎದುರಾಳಿಯ ಕಾಯಿಗಿಂತ ಎರಡು ಮನೆ ಮುಂದೆ ನಿಲ್ಲುವುದು ಕೊರಳೊಡ್ಡಿದಂತೆ. ನಾಲ್ಕು ಮನೆ ಮುಂದೆ ನಿಂತರೆ ಹೆಚ್ಚುಕಡಿಮೆ ನಿಶ್ಚಿಂತೆ. ಕವಡೆಯ ಬದಲು ಲೂಡೋ ದಾಳ ಹಿಡಿದರೆ ಆರೂ ಅಂಕಿಗೆ ಸಮಪಾಲು, ಈ ಎಣಿಕೆಯೇ ಕೆಟ್ಟಿತು. (ನಿಜವಾದ ಕವಡೆಯ ಬೆನ್ನು ಉಬ್ಬು, ಲೆಕ್ಕ ಕೊಂಚ ವಾಲುತ್ತದೆ, ಪಳಗಿದ ಕೈ ಇನ್ನಷ್ಟು ವಾಲಿಸುತ್ತದೆ.)

ಎದುರಾಳಿಯ ಒಂದು ಕಾಯನ್ನಾದರೂ ಕಡಿಯದೆ ಒಳಸುತ್ತಿಗೆ ಹೋಗುವಂತಿಲ್ಲ ಎಂಬ ನಿಯಮ ಆಟದ ಜೀವ. ಅದನ್ನು ತೆಗೆದರೆ ಎಲ್ಲರೂ ಕಟ್ಟೆಯಿಂದ ಕಟ್ಟೆಗೆ (ಕಾಯಿ ಕಡಿಯಲಾಗದ ಮನೆ) ಓಡಿ, ನಡುಮನೆ ಸೇರಿ ಹಣ್ಣಾಗುತ್ತಾರೆ, ಅಷ್ಟೆ. ಕಟ್ಟೆಗಳನ್ನು ಹೆಚ್ಚಿಸಿದರೂ ಅದೇ ಗತಿ. ಚೌಕವೋ ಬಾರವೋ ಬೀಳದೆ ಕಾಯಿ ಹುಟ್ಟದೆಂಬ ನಿಯಮವಂತೂ ಶುದ್ಧ ಕಾಯಿಸುವಿಕೆ: ಮೊದಲ ಕಾಯಿಗೆ ಸರಾಸರಿ ಎಂಟು ಗರ ಬೇಕು, ಅಷ್ಟು ಹೊತ್ತು ಯೋಚಿಸಲು ಏನೂ ಇಲ್ಲ.

ಅದೃಷ್ಟವನ್ನೇ ಹೊರಗಿಟ್ಟ ಆಟಗಳೂ ಇವೆ. ಅಳಗುಳಿಮಣೆಯ 14 ಗುಳಿಗಳಲ್ಲಿ ಎಲ್ಲವೂ ಕಣ್ಣೆದುರೇ ಇರುತ್ತದೆ. ಸೋತವರು ಕವಡೆಯನ್ನು ಬೈಯುವಂತಿಲ್ಲ. ಮೈಸೂರಿನ ಅರಸ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ತಾವೇ ಹಲವು ಮಣೆಯಾಟ ಕಟ್ಟಿದವರು. ಚದುರಂಗದ ಕುದುರೆಯನ್ನು 64 ಮನೆಗೂ ಒಂದೊಂದೇ ಸಲ ನಡೆಸುವ, ಅದೃಷ್ಟಕ್ಕೆ ಎಡೆಯೇ ಇಲ್ಲದ ಸಮಸ್ಯೆಯೂ ಅವರಿಗೆ ಪ್ರಿಯವಾಗಿತ್ತು.

ಚೌಕಾಬಾರದ ಕೊನೆಗೆ ಸರಿಯಾದ ಗರವೇ ಬೀಳಬೇಕು. ಎರಡು ಕಾಯಿ ಉಳಿದಾಗ, ನಡುಮನೆಗೆ ಎರಡು ಹೆಜ್ಜೆ ದೂರದಲ್ಲಿರುವುದನ್ನು ಅಲ್ಲೇ ಬಿಟ್ಟು ಇನ್ನೊಂದನ್ನು ನಡೆಸುವವನು ಜಾಣ; ಒಂದು ಹೆಜ್ಜೆ ಮುಂದಿಟ್ಟರೆ 16ರಲ್ಲಿ 6ರ ಅವಕಾಶ 4ಕ್ಕೆ ಇಳಿಯುತ್ತದೆ. ಒಂದೇ ಕಾಯಿ ಉಳಿದ ಮೇಲೆ ಆಡುವುದು ಕವಡೆ ಮಾತ್ರ.